ಹೈಡ್ರೋಜನ್ ಎಲ್ಲಿ ಕೂತಿದೆ? ಆಲ್ಕೊಹಾಲ್, ಈಥರ್, ಥಯಾಲ್ ಬಗ್ಗೆ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಬಿಎಸ್ಸಿ ವಿದ್ಯಾರ್ಥಿನಿ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆಲ್ಕೊಹಾಲ್, ಈಥರ್, ಥಯಾಲ್ ಅಧ್ಯಾಯವನ್ನು ಎಷ್ಟು ಉರು ಹೊಡೆದರೂ ಪರೀಕ್ಷೆ ಮುಗಿದ ಮೇಲೆ ಏನೂ ನೆನಪಿರುವುದಿಲ್ಲ. ಎಥನಾಲ್ ಮತ್ತು ಡೈಮೀಥೈಲ್ ಈಥರ್ ಎರಡರಲ್ಲೂ ಇರುವುದು ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್. ಆದರೂ ಮೊದಲನೆಯದು 78 ಡಿಗ್ರಿಯಲ್ಲಿ ಕುದಿಯುತ್ತದೆ, ಎರಡನೆಯದು ಸೊನ್ನೆಗಿಂತ 24 ಡಿಗ್ರಿ ಕೆಳಗೇ ಕುದಿದು ಹೋಗುತ್ತದೆ. ‘ಹೈಡ್ರೋಜನ್ ಬಂಧ’ ಎಂದು ಬರೆದರೆ ಅಂಕ ಸಿಗುತ್ತದೆ, ಅರ್ಥ ಮಾತ್ರ ಆಗಿಲ್ಲ. ಇನ್ನೊಂದು ಗೊಂದಲ: ಥಯಾಲ್‌ನಲ್ಲಿ ಹೈಡ್ರೋಜನ್ ಬಂಧ ದುರ್ಬಲ ಅನ್ನುತ್ತಾರೆ, ಆದರೆ ಆಮ್ಲೀಯತೆ ಆಲ್ಕೊಹಾಲ್‌ಗಿಂತ ಹೆಚ್ಚಂತೆ. ಇವು ಒಂದಕ್ಕೊಂದು ವಿರುದ್ಧ ಅಲ್ಲವೇ? ಕೊನೆಗೆ ಅಮ್ಮ ಕೇಳಿದ್ದು: ಗ್ಯಾಸ್ ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ವಾಸನೆ ಜಾಸ್ತಿ ಬರುತ್ತದೆ, ಇದು ನಿಜವೋ ಭ್ರಮೆಯೋ?

ಉತ್ತರ: ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪದವಿ ತರಗತಿಗಳಿಗೆ ಈ ಪಾಠ ಮಾಡಿದ್ದೇನೆ. ನಿಮ್ಮ ಎರಡನೇ ಗೊಂದಲವನ್ನು ಪ್ರತಿವರ್ಷ ಒಬ್ಬಿಬ್ಬರಾದರೂ ಕೇಳುತ್ತಿದ್ದರು, ಅವರು ತರಗತಿಯಲ್ಲಿ ಚುರುಕಾದವರೇ ಆಗಿರುತ್ತಿದ್ದರು. ಎರಡು ಪುಟಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡುವವರಿಗಷ್ಟೇ ಇದು ಹೊಳೆಯುವುದು. ಈ ಅಧ್ಯಾಯಕ್ಕೆ ನಾನು ಹೇಳಿಕೊಡುವ ದಾರಿ ಒಂದೇ: ಯಾವ ಅಣು ಎದುರಿಗೆ ಬಂದರೂ, ಅದರ ಹೈಡ್ರೋಜನ್ ಎಲ್ಲಿ ಕೂತಿದೆ, ಯಾರ ಮೇಲೆ ಕೂತಿದೆ ಎಂದು ಮೊದಲು ನೋಡಿ. ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ಎಥನಾಲ್‌ನ ಆರು ಹೈಡ್ರೋಜನ್‌ಗಳಲ್ಲಿ ಐದು ಕಾರ್ಬನ್ ಮೇಲೆ, ಒಂದು ಆಕ್ಸಿಜನ್ ಮೇಲೆ. ಡೈಮೀಥೈಲ್ ಈಥರ್‌ನಲ್ಲಿ ಆಕ್ಸಿಜನ್ ಎರಡು ಕಾರ್ಬನ್‌ಗಳ ನಡುವೆ ಸಿಕ್ಕಿಕೊಂಡಿದೆ, ಆರು ಹೈಡ್ರೋಜನ್‌ಗಳೂ ಕಾರ್ಬನ್‌ಗಳ ಪಾಲಾಗಿವೆ. ಎಲೆಕ್ಟ್ರಾನನ್ನು ತನ್ನ ಕಡೆಗೆ ಎಳೆದುಕೊಳ್ಳುವ ಶಕ್ತಿಯನ್ನು ಅಳೆಯುವ ಎಲೆಕ್ಟ್ರೋನೆಗೆಟಿವಿಟಿ ಅಂಕಿಗಳು ಹೀಗಿವೆ: ಆಕ್ಸಿಜನ್ 3.44, ಗಂಧಕ 2.58, ಕಾರ್ಬನ್ 2.55, ಹೈಡ್ರೋಜನ್ 2.20. ಆಕ್ಸಿಜನ್ ಮೇಲೆ ಕೂತ ಹೈಡ್ರೋಜನ್ ತನ್ನ ಎಲೆಕ್ಟ್ರಾನಿನ ಬಹುಪಾಲು ಕಳೆದುಕೊಂಡು ಹೆಚ್ಚುಕಡಿಮೆ ಬರಿಮೈಯಲ್ಲಿರುತ್ತದೆ. ಪಕ್ಕದ ಅಣುವಿನ ಆಕ್ಸಿಜನ್ ಬಳಿ ಇರುವ ಒಂಟಿ ಜೋಡಿ ಎಲೆಕ್ಟ್ರಾನುಗಳ ಕಡೆಗೆ ಅದು ವಾಲುತ್ತದೆ. ಹೈಡ್ರೋಜನ್ ಬಂಧ ಎಂದರೆ ಇಷ್ಟೇ. ಕಾರ್ಬನ್ ಮೇಲೆ ಕೂತ ಹೈಡ್ರೋಜನ್‌ಗೆ ಆ ಬರಿತನ ಇಲ್ಲ, ಅದು ಎತ್ತಲೂ ವಾಲುವುದಿಲ್ಲ.

ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ನಿಮಗೆ ಗೊತ್ತಿರಬಹುದು. ನಾಟಿ ಸಮಯದಲ್ಲಿ ನಮ್ಮ ಮನೆಯ ಆಳು ನಿಮ್ಮ ಗದ್ದೆಗೆ ಬಂದರೆ, ನಾಳೆ ನಿಮ್ಮ ಮನೆಯ ಆಳು ನಮ್ಮ ಗದ್ದೆಗೆ. ಎಥನಾಲ್ ಅಣುಗಳದು ಅಂಥ ಊರು: ಪ್ರತಿಯೊಬ್ಬರ ಬಳಿಯೂ ಕಳಿಸಲು ಆಳು ಇದೆ (ಆಕ್ಸಿಜನ್ ಮೇಲಿನ ಹೈಡ್ರೋಜನ್), ಬರಮಾಡಿಕೊಳ್ಳಲು ಗದ್ದೆಯೂ ಇದೆ (ಆಕ್ಸಿಜನ್‌ನ ಒಂಟಿ ಜೋಡಿ). ಈಥರ್‌ಗಳ ಊರಿನಲ್ಲಿ ಎಲ್ಲರಿಗೂ ಗದ್ದೆಯಿದೆ, ಕಳಿಸಲು ಯಾರ ಮನೆಯಲ್ಲೂ ಆಳಿಲ್ಲ. ಹಾಗಾಗಿ ಅವು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ, ಸ್ವಲ್ಪ ಬಿಸಿ ತಾಗಿದರೂ ಚದುರಿಹೋಗುತ್ತವೆ.

ಈ ಹೋಲಿಕೆಯಿಂದ ಇನ್ನೊಂದು ಒಗಟೂ ಬಿಡುತ್ತದೆ. ಡೈಈಥೈಲ್ ಈಥರ್ ಮತ್ತು 1-ಬ್ಯುಟನಾಲ್ ಕೂಡ ನೀವು ಹೇಳಿದ ಜೋಡಿಯ ಹಾಗೆಯೇ ಒಂದೇ ಸೂತ್ರದವು. ಕುದಿಯುವ ಬಿಂದು ನೋಡಿದರೆ ಈಥರ್‌ಗೆ 35 ಡಿಗ್ರಿ, ಬ್ಯುಟನಾಲ್‌ಗೆ 118. ಆದರೆ ನೀರಿನಲ್ಲಿ ಕರಗುವ ಪ್ರಮಾಣ ಎರಡಕ್ಕೂ ಹತ್ತಿರಹತ್ತಿರ ಒಂದೇ: 100 ಮಿಲಿಲೀಟರ್ ನೀರಿಗೆ ಏಳೆಂಟು ಗ್ರಾಂ. ಕಾರಣ ಇಷ್ಟೇ, ನೀರಿನ ಬಳಿ ಬೇಕಾದಷ್ಟು ಆಳುಗಳಿದ್ದಾರೆ. ಈಥರ್ ತನ್ನ ಗದ್ದೆಯಲ್ಲಿ ನೀರಿನ ಆಳನ್ನು ಬರಮಾಡಿಕೊಂಡರೆ ಸಾಕು, ಕರಗುತ್ತದೆ. ತನ್ನವರ ನಡುವೆ ಮಾತ್ರ ಅದಕ್ಕೆ ಗತಿಯಿಲ್ಲ. ಕರಗುವುದೂ ಕುದಿಯುವುದೂ ಹೀಗೆ ಬೇರೆ ಬೇರೆ ಲೆಕ್ಕ ಎಂಬುದನ್ನು ಗುರುತು ಹಾಕಿಟ್ಟುಕೊಳ್ಳಿ, ಪರೀಕ್ಷೆಯಲ್ಲಿ ಇದನ್ನೇ ತಿರುಗಿಸಿ ಕೇಳುತ್ತಾರೆ.

ಈಗ ಗಂಧಕಕ್ಕೆ ಬರೋಣ. ಆಲ್ಕೊಹಾಲ್‌ನ ಆಕ್ಸಿಜನ್ ಜಾಗದಲ್ಲಿ ಗಂಧಕ ಕೂತರೆ ಅದೇ ಥಯಾಲ್. ಆವರ್ತಕ ಕೋಷ್ಟಕದಲ್ಲಿ ಆಕ್ಸಿಜನ್‌ನ ಸರಿ ಕೆಳಗಿನ ಮನೆ ಗಂಧಕದ್ದು. ಆದರೆ ಮೇಲಿನ ಅಂಕಿಗಳನ್ನು ಮತ್ತೊಮ್ಮೆ ನೋಡಿ. ಗಂಧಕಕ್ಕೂ ಹೈಡ್ರೋಜನ್‌ಗೂ ಇರುವ ವ್ಯತ್ಯಾಸ 0.38, ಕಾರ್ಬನ್‌ಗೂ ಹೈಡ್ರೋಜನ್‌ಗೂ 0.35. ಅಂದರೆ ಗಂಧಕದ ಮೇಲೆ ಕೂತ ಹೈಡ್ರೋಜನ್, ಕಾರ್ಬನ್ ಮೇಲೆ ಕೂತದ್ದರಷ್ಟೇ ಮೈತುಂಬ ಹೊದ್ದುಕೊಂಡಿದೆ. ಪಕ್ಕದವರ ಕಡೆಗೆ ವಾಲುವ ಅಗತ್ಯ ಅದಕ್ಕೆ ಹೆಚ್ಚೇನೂ ಇಲ್ಲ. ಅದಕ್ಕೇ ಎಥನಾಲ್‌ಗಿಂತ ಭಾರವಾದ ಎಥನಥಯಾಲ್ 35 ಡಿಗ್ರಿಗೇ ಕುದಿಯುತ್ತದೆ. ನೀರು 100 ಡಿಗ್ರಿಯಲ್ಲಿ ಕುದಿಯುವಾಗ ಅದರ ಗಂಧಕದ ದಾಯಾದಿ ಹೈಡ್ರೋಜನ್ ಸಲ್ಫೈಡ್ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಅನಿಲವಾಗಿರುವುದೂ ಇದೇ ಕಾರಣಕ್ಕೆ.

ಹಾಗಾದರೆ ಥಯಾಲ್ ಹೆಚ್ಚು ಆಮ್ಲೀಯ ಹೇಗಾಯಿತು? ಹೈಡ್ರೋಜನ್ ಬಂಧದ ಲೆಕ್ಕ ಹಾಕುವಾಗ ನಾವು ಕೇಳುವುದು, ಹೈಡ್ರೋಜನ್ ತನ್ನ ಮನೆಯಲ್ಲೇ ಇರುವಾಗ ಎಷ್ಟು ಬರಿಮೈಯಲ್ಲಿದೆ ಎಂದು. ಆಮ್ಲೀಯತೆಯ ಲೆಕ್ಕದಲ್ಲಿ ಕೇಳುವುದು ಬೇರೆ: ಆ ಹೈಡ್ರೋಜನ್ ಎಲೆಕ್ಟ್ರಾನನ್ನು ಬಿಟ್ಟು ಮನೆಯಿಂದ ಹೊರಟೇ ಹೋದ ಮೇಲೆ, ಹಿಂದೆ ಉಳಿದವರು ಆ ಋಣ ಆವೇಶದ ಭಾರವನ್ನು ಹೇಗೆ ಹೊರುತ್ತಾರೆ? ಆಕ್ಸಿಜನ್ ಚಿಕ್ಕ ಪರಮಾಣು. ಆವೇಶವೆಲ್ಲ ಒಂದೇ ಕಡೆ ಒತ್ತಿಕೊಂಡಿರುತ್ತದೆ, ಆ ಅಯಾನಿಗೆ ನೆಮ್ಮದಿಯಿಲ್ಲ, ಕಳೆದುಕೊಂಡ ಹೈಡ್ರೋಜನನ್ನು ವಾಪಸು ಎಳೆದುಕೊಳ್ಳಲು ನೋಡುತ್ತದೆ. ಗಂಧಕ ದೊಡ್ಡ ಪರಮಾಣು, ಅದೇ ಆವೇಶ ಅಲ್ಲಿ ಹರಡಿಕೊಳ್ಳುತ್ತದೆ. ಜೊತೆಗೆ ದೊಡ್ಡ ಗಂಧಕಕ್ಕೂ ಪುಟ್ಟ ಹೈಡ್ರೋಜನ್‌ಗೂ ನಡುವಿನ ಬಂಧವೇ ಸಡಿಲ: ಮೋಲ್‌ಗೆ ಸುಮಾರು 365 ಕಿಲೋಜೂಲ್, ಆಲ್ಕೊಹಾಲ್‌ನ ಆಕ್ಸಿಜನ್–ಹೈಡ್ರೋಜನ್ ಬಂಧಕ್ಕೆ ಸುಮಾರು 440. ಮುರಿಯುವುದು ಸುಲಭ, ಮುರಿದ ಮೇಲೆ ಬದುಕುವುದೂ ಸುಲಭ. ಆಮ್ಲೀಯತೆಯ ಅಳತೆಯಾದ ಪಿಕೆಎ ಎಥನಾಲ್‌ಗೆ 16ರ ಹತ್ತಿರ, ಎಥನಥಯಾಲ್‌ನದು 10.6. ಪಿಕೆಎಯಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುವುದರಿಂದ, ಈ ಐದೂವರೆ ಅಂಕದ ಅಂತರ ಎಂದರೆ ಎರಡು ಲಕ್ಷ ಪಟ್ಟಿಗೂ ಹೆಚ್ಚು. ಹಾಗಾಗಿ ಥಯಾಲ್‌ಗಳು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸಲೀಸಾಗಿ ಉಪ್ಪಾಗಿ ಕರಗುತ್ತವೆ. ಎಥನಾಲನ್ನು ಪೂರ್ತಿಯಾಗಿ ಎಥಾಕ್ಸೈಡ್ (ಆಕ್ಸಿಜನ್ ಮೇಲಿನ ಹೈಡ್ರೋಜನ್ ಕಳೆದುಕೊಂಡ ರೂಪ) ಮಾಡಬೇಕಾದರೆ ಸೋಡಿಯಂ ಲೋಹವನ್ನೇ ಹಾಕಬೇಕು.

ಸೋಡಿಯಂ ಪ್ರಯೋಗವನ್ನು ನಿಮ್ಮ ಲ್ಯಾಬಿನಲ್ಲಿ ಮೇಷ್ಟ್ರು ಮಾಡಿ ತೋರಿಸಿದರೆ ಹತ್ತಿರದಿಂದ ನೋಡಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ನೀರಿನ ಮೇಲೆ ಸೋಡಿಯಂ ಚೂರು ತೇಲುತ್ತದೆ, ಕರಗಿ ಉಂಡೆಯಾಗಿ ಅತ್ತಿತ್ತ ಓಡಾಡುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಶುದ್ಧ ಎಥನಾಲ್‌ಗೆ ಹಾಕಿದರೆ ಅದೇ ಚೂರು ಮುಳುಗಿ ತಳದಲ್ಲಿ ಕೂರುತ್ತದೆ; ಎಥನಾಲ್ ನೀರಿಗಿಂತ ಹಗುರ, ಸೋಡಿಯಂಗಿಂತಲೂ ಹಗುರ. ಅಲ್ಲಿಂದ ಸಣ್ಣ ಗುಳ್ಳೆಗಳ ಸಾಲು ಸದ್ದಿಲ್ಲದೆ ಮೇಲೇಳುತ್ತದೆ. ಟರ್ಷಿಯರಿ ಬ್ಯುಟೈಲ್ ಆಲ್ಕೊಹಾಲ್‌ಗೆ ಹಾಕಿದರೆ ಗುಳ್ಳೆ ಇನ್ನೂ ನಿಧಾನ (ಆಕ್ಸಿಜನ್ ಹೊತ್ತ ಕಾರ್ಬನ್‌ಗೆ ಇನ್ನೂ ಮೂರು ಕಾರ್ಬನ್ ಅಂಟಿದ್ದರೆ ಟರ್ಷಿಯರಿ, ಎರಡಿದ್ದರೆ ಸೆಕೆಂಡರಿ, ಒಂದಿದ್ದರೆ ಪ್ರೈಮರಿ). ಈಥರ್‌ಗೆ ಹಾಕಿದರೆ ಏನೂ ಆಗುವುದಿಲ್ಲ, ಏಕೆಂದರೆ ಕೊಡಲು ಅದರ ಬಳಿ ಅಂಥ ಹೈಡ್ರೋಜನ್ ಇಲ್ಲವೇ ಇಲ್ಲ. ಲ್ಯಾಬುಗಳಲ್ಲಿ ಈಥರನ್ನು ಒಣಗಿಸಲು ಸೋಡಿಯಂ ತಂತಿಯನ್ನೇ ಹಾಕಿಡುತ್ತಿದ್ದುದು ಈ ನೆಮ್ಮದಿಯ ಮೇಲೆಯೇ.

ಆಲ್ಕೊಹಾಲ್‌ನ ಉಳಿದ ಕ್ರಿಯೆಗಳಲ್ಲಿ ಪರೀಕ್ಷೆಗೆ ಬರುವ ಎರಡನ್ನು ಬೇಗ ಹೇಳಿಬಿಡುತ್ತೇನೆ. ಒಂದು, ಆಕ್ಸಿಜನ್–ಹೈಡ್ರೋಜನ್ ಗುಂಪು ತಾನಾಗಿ ಕಾರ್ಬನನ್ನು ಬಿಟ್ಟು ಹೋಗುವುದಿಲ್ಲ. ಆಮ್ಲ ಹಾಕಿ ಅದರ ಮೇಲೆ ಇನ್ನೊಂದು ಹೈಡ್ರೋಜನ್ ಕೂರಿಸಿದರೆ ನೀರಾಗಿ ಹೊರಟುಹೋಗುತ್ತದೆ. ಲ್ಯೂಕಾಸ್ ಪರೀಕ್ಷೆ ಎಂದರೆ ಇದೇ: ಗಾಢ ಹೈಡ್ರೋಕ್ಲೋರಿಕ್ ಆಮ್ಲ, ಜಿಂಕ್ ಕ್ಲೋರೈಡ್. ಟರ್ಷಿಯರಿ ಆಲ್ಕೊಹಾಲ್ ಹಾಕಿದ ಕೂಡಲೇ ಕೊಳವೆ ಮಜ್ಜಿಗೆ ನೀರಿನಂತೆ ಮಸುಕಾಗುತ್ತದೆ, ಸೆಕೆಂಡರಿಗೆ ಐದು ನಿಮಿಷದ ಹೊತ್ತು ಬೇಕು, ಪ್ರೈಮರಿ ಕೋಣೆಯ ಉಷ್ಣತೆಯಲ್ಲಿ ತಿಳಿಯಾಗಿಯೇ ಉಳಿಯುತ್ತದೆ. ಎರಡು, ಎಥನಾಲ್ ಮತ್ತು ಗಂಧಕಾಮ್ಲವನ್ನು 413 ಕೆಲ್ವಿನ್‌ನಲ್ಲಿ ಇಟ್ಟರೆ ಈಥರ್, 443 ಕೆಲ್ವಿನ್‌ಗೆ ಏರಿಸಿದರೆ ಎಥೀನ್. ಮೂವತ್ತು ಡಿಗ್ರಿಯ ಅಂತರದಲ್ಲಿ ಫಲ ಬೇರೆ. ಬಿಸಿ ಹೆಚ್ಚಾದಷ್ಟೂ ಎರಡು ಅಣು ಸೇರುವ ಬದಲು ಒಂದೇ ಅಣು ಒಡೆಯುವುದು ಮೇಲುಗೈ ಪಡೆಯುತ್ತದೆ.

ಆಕ್ಸಿಡೀಕರಣದ ಬಗ್ಗೆ ಮಾತ್ರ ಅಷ್ಟು ಬೇಗ ದಾಟಲು ಮನಸ್ಸಿಲ್ಲ. ಇಲ್ಲಿಯೂ ಹೈಡ್ರೋಜನ್ ಹುಡುಕಿ, ಆದರೆ ಈ ಸಲ ಆಕ್ಸಿಜನ್ ಹೊತ್ತ ಕಾರ್ಬನ್ ಮೇಲೆ. ಆ ಕಾರ್ಬನ್ ಮೇಲೆ ಎರಡು ಹೈಡ್ರೋಜನ್ ಇದ್ದರೆ ಮೊದಲು ಆಲ್ಡಿಹೈಡ್, ಆಮೇಲೆ ಆಮ್ಲ. ಒಂದಿದ್ದರೆ ಕೀಟೋನ್, ಅಲ್ಲಿಗೆ ನಿಲ್ಲುತ್ತದೆ. ಒಂದೂ ಇಲ್ಲದಿದ್ದರೆ, ಅಂದರೆ ಟರ್ಷಿಯರಿಯಾದರೆ, ಕಿತ್ತಳೆ ಬಣ್ಣದ ಡೈಕ್ರೋಮೇಟ್ ಕಿತ್ತಳೆಯಾಗಿಯೇ ಉಳಿಯುತ್ತದೆ. ಎಥನಾಲ್ ಜೊತೆ ಅದು ಹಸಿರಾಗುತ್ತದೆ. ಹಿಂದೆ ಪೊಲೀಸರು ಕುಡಿದು ಗಾಡಿ ಓಡಿಸುವವರ ಉಸಿರು ಪರೀಕ್ಷಿಸುತ್ತಿದ್ದ ಸಾಧನಗಳು ಈ ಬಣ್ಣದ ಬದಲಾವಣೆಯನ್ನೇ ನಂಬಿದ್ದವು.

ಮೆಥನಾಲ್‌ನ ಕಾರ್ಬನ್ ಮೇಲೆ ಇರುವುದು ಮೂರು ಹೈಡ್ರೋಜನ್. ನಮ್ಮ ಪಿತ್ತಜನಕಾಂಗದ ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಕಿಣ್ವ ಎಥನಾಲನ್ನು ಅಸಿಟಾಲ್ಡಿಹೈಡ್ ಮಾಡುವ ಹಾಗೆಯೇ ಇದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದು ಫಾರ್ಮಿಕ್ ಆಮ್ಲವಾಗುತ್ತದೆ. ಕಣ್ಣಿನ ನರವನ್ನು ಹಾಳುಮಾಡುವುದು, ಜೀವಕೋಶಗಳ ಉಸಿರಾಟ ತಡೆಯುವುದು ಆ ಫಾರ್ಮಿಕ್ ಆಮ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಎಥನಾಲ್‌ಗೂ ಮೆಥನಾಲ್‌ಗೂ ಇರುವುದು ಒಂದೇ ಒಂದು ಕಾರ್ಬನ್ ವ್ಯತ್ಯಾಸ. ಬಣ್ಣ, ರುಚಿ, ವಾಸನೆಯಲ್ಲಿ ಕುಡಿಯುವವರಿಗೆ ಗೊತ್ತಾಗುವುದಿಲ್ಲ. ಆಸ್ಪತ್ರೆಯಲ್ಲಿ ಫೊಮೆಪಿಜೋಲ್ ಎಂಬ ಔಷಧ ಕೊಟ್ಟು ಆ ಕಿಣ್ವವನ್ನೇ ತಡೆಯುತ್ತಾರೆ. ಅದು ಸಿಗದಿದ್ದರೆ ವೈದ್ಯರು ಅಳತೆ ಮಾಡಿ ಎಥನಾಲ್ ಕೊಡುವುದೂ ಉಂಟು, ಏಕೆಂದರೆ ಕಿಣ್ವ ಮೆಥನಾಲ್‌ಗಿಂತ ಎಥನಾಲನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಅಷ್ಟು ಹೊತ್ತು ಮೆಥನಾಲ್ ಕೆಡುಕು ಮಾಡದೆ ಮೂತ್ರಪಿಂಡ, ಉಸಿರು ಅಥವಾ ಡಯಾಲಿಸಿಸ್ ಮೂಲಕ ಹೊರಹೋಗುತ್ತದೆ. ಇದು ಮನೆಯಲ್ಲಿ ಮಾಡುವ ಚಿಕಿತ್ಸೆ ಖಂಡಿತ ಅಲ್ಲ.

ಈಥರ್‌ಗಳಿಗೆ ಬಂದರೆ, ಅವುಗಳ ರಚನೆ ಗೊತ್ತಾದ ಕತೆಯೇ ಒಂದು ಪಾಠ. ಗಂಧಕಾಮ್ಲದಿಂದ ಮಾಡುತ್ತಿದ್ದ ಕಾರಣ ಹಳಬರು ಡೈಈಥೈಲ್ ಈಥರನ್ನು ಗಂಧಕದ ಈಥರ್ ಎಂದೇ ಕರೆಯುತ್ತಿದ್ದರು. ಅದರಲ್ಲಿ ಗಂಧಕದ ಒಂದು ಪರಮಾಣುವೂ ಇಲ್ಲ. 1850ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಲೆಕ್ಸಾಂಡರ್ ವಿಲಿಯಮ್ಸನ್, ಆಲ್ಕೊಹಾಲ್‌ಗೆ ಇನ್ನೆರಡು ಕಾರ್ಬನ್ ಜೋಡಿಸಿ ದೊಡ್ಡ ಆಲ್ಕೊಹಾಲ್ ಮಾಡಲು ಹೊರಟಿದ್ದರು. ಪೊಟ್ಯಾಸಿಯಂ ಎಥಾಕ್ಸೈಡ್‌ಗೆ ಈಥೈಲ್ ಅಯೋಡೈಡ್ ಸೇರಿಸಿದರು. ಸಿಕ್ಕಿದ್ದು ಆಲ್ಕೊಹಾಲ್ ಅಲ್ಲ, ಎಲ್ಲರಿಗೂ ಗೊತ್ತಿದ್ದ ಈಥರ್! ಅವರು ಅಲ್ಲಿಗೆ ಬಿಡಲಿಲ್ಲ. ಈಥೈಲ್ ಅಯೋಡೈಡ್ ಜಾಗದಲ್ಲಿ ಮೀಥೈಲ್ ಅಯೋಡೈಡ್ ಹಾಕಿ ನೋಡಿದರು, ಒಂದು ಕಡೆ ಮೀಥೈಲ್ ಇನ್ನೊಂದು ಕಡೆ ಈಥೈಲ್ ಇರುವ ಮಿಶ್ರ ಈಥರ್ ಬಂತು. ಒಂದೇ ಆಕ್ಸಿಜನ್ ಎರಡು ಕಡೆಗೂ ಕಾರ್ಬನ್ ಗುಂಪನ್ನು ಹಿಡಿದಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. ನೀವು ಇಂದು ಬರೆಯುವ ವಿಲಿಯಮ್ಸನ್ ಸಂಶ್ಲೇಷಣೆ ಇದೇ. ಒಂದು ಎಚ್ಚರ: ಟರ್ಷಿಯರಿ ಬ್ಯುಟೈಲ್ ಗುಂಪಿರುವ ಈಥರ್ ಬೇಕಿದ್ದರೆ ಆ ಗುಂಪು ಆಲ್ಕಾಕ್ಸೈಡ್ (ಎಥಾಕ್ಸೈಡ್‌ನಂಥದ್ದು) ಕಡೆಯಿಂದ ಬರಲಿ. ಅದು ಹ್ಯಾಲೈಡ್ (ಅಯೋಡೈಡ್‌ನಂಥದ್ದು) ಕಡೆಯಿಂದ ಬಂದರೆ ಎಥಾಕ್ಸೈಡ್‌ಗೆ ಆ ಇಕ್ಕಟ್ಟಿನ ಕಾರ್ಬನ್ ಬಳಿ ಹೋಗಲು ಜಾಗವಿರುವುದಿಲ್ಲ. ಹೊರಗಿರುವ ಹೈಡ್ರೋಜನನ್ನು ಕಿತ್ತುಕೊಂಡು ಆಲ್ಕೀನ್ ಮಾಡಿಬಿಡುತ್ತದೆ.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಇದೇ ಈಥರನ್ನು ಉಸಿರಾಡಿಸಿ ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಪ್ರಜ್ಞೆ ತಪ್ಪಿಸಿ ತೋರಿಸಿದರು. ಬೇಗ ಆವಿಯಾಗುವ, ದೇಹದೊಳಗೆ ಸುಲಭಕ್ಕೆ ಯಾರ ಜೊತೆಗೂ ಕ್ರಿಯೆಗಿಳಿಯದ, ಕೊಬ್ಬಿನಲ್ಲಿ ಕರಗುವ ವಸ್ತು ಬೇಕಿತ್ತು. ಈಥರ್‌ನಲ್ಲಿ ಆ ಮೂರೂ ಇದ್ದವು. ಈಥರನ್ನು ಒಡೆಯಲು ಬಿಸಿ ಹೈಡ್ರೋಅಯೋಡಿಕ್ ಆಮ್ಲದಂಥದ್ದೇ ಬೇಕು ಎಂದು ಓದಿದ್ದೀರಿ. ಹಾಗೆ ಓದಿದವರು ಈಥರ್ ಎಂದರೆ ಪಾಪದ ವಸ್ತು ಎಂದು ತಿಳಿಯುತ್ತಾರೆ. ಅದು ದೊಡ್ಡ ತಪ್ಪು.

ನಾನು ಹಿಂದೆ ಕೆಲಸ ಮಾಡಿದ ಕಾಲೇಜೊಂದರಲ್ಲಿ ರಾಸಾಯನಿಕಗಳ ಬೀರುವನ್ನು ಶುಚಿ ಮಾಡುವಾಗ ಹಿಂಬದಿಯಲ್ಲಿ ಒಂದು ಕಂದು ಬಾಟಲಿ ಸಿಕ್ಕಿತು. ಡೈಐಸೊಪ್ರೊಪೈಲ್ ಈಥರ್, ಕಾಲು ಭಾಗ ಉಳಿದಿದೆ, ಯಾವಾಗ ತೆರೆದರು ಎಂದು ಯಾರೂ ಬರೆದಿಲ್ಲ. ಮುಚ್ಚಳದ ಸುತ್ತ ಕಲ್ಲುಸಕ್ಕರೆಯ ಪುಡಿಯಂಥ ಬಿಳಿ ಹರಳುಗಳು. ಸಹಾಯಕರು ಒರೆಸಲು ಬಟ್ಟೆ ತೆಗೆದುಕೊಂಡಿದ್ದರು. ಕೈ ಹಿಡಿದು ನಿಲ್ಲಿಸಿದೆ. ಕೋಣೆಗೆ ಬೀಗ ಹಾಕಿ, ಇಂಥದ್ದನ್ನು ವಿಲೇವಾರಿ ಮಾಡಬಲ್ಲವರು ಬರುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ಆ ಹರಳುಗಳು ಪೆರಾಕ್ಸೈಡ್, ಮುಚ್ಚಳ ತಿರುಗಿಸುವ ಉಜ್ಜಾಟಕ್ಕೇ ಸಿಡಿಯಬಲ್ಲವು.

ಇಲ್ಲಿಯೂ ಕಾರಣ ಒಂದು ಹೈಡ್ರೋಜನ್. ಈಥರ್‌ನ ಆಕ್ಸಿಜನ್ ಪಕ್ಕದ ಕಾರ್ಬನ್ ಮೇಲಿರುವ ಹೈಡ್ರೋಜನ್ ಬೆಳಕು ಬಿದ್ದಾಗ ಸುಲಭವಾಗಿ ಕಳಚಿಕೊಳ್ಳುತ್ತದೆ. ಆ ಖಾಲಿ ಜಾಗಕ್ಕೆ ಗಾಳಿಯ ಆಕ್ಸಿಜನ್ ಬಂದು ಕೂರುತ್ತದೆ. ಐಸೊಪ್ರೊಪೈಲ್‌ನಲ್ಲಿ ಆ ಹೈಡ್ರೋಜನ್ ಟರ್ಷಿಯರಿ (ಅದರ ಕಾರ್ಬನ್ ಮೇಲೆ ಬೇರೆ ಹೈಡ್ರೋಜನ್ ಇಲ್ಲ) ಆದ್ದರಿಂದ ಇನ್ನೂ ಬೇಗ ಕಳಚುತ್ತದೆ, ಅದಕ್ಕೇ ಇದು ಎಲ್ಲಕ್ಕಿಂತ ಅಪಾಯಕಾರಿ. ಪೆರಾಕ್ಸೈಡ್ ಈಥರ್‌ನಷ್ಟು ಬೇಗ ಆವಿಯಾಗುವುದಿಲ್ಲ. ಬಟ್ಟಿ ಇಳಿಸುವಾಗ ಈಥರ್ ಹೊರಟು ಹೋಗಿ ಫ್ಲಾಸ್ಕಿನ ತಳದಲ್ಲಿ ಪೆರಾಕ್ಸೈಡ್ ಮಾತ್ರ ಉಳಿಯುತ್ತದೆ, ಬಿಸಿ ಮಾತ್ರ ಹಾಗೇ ಇರುತ್ತದೆ. ಹಾಗಾಗಿ ಈಥರ್, ಟೆಟ್ರಾಹೈಡ್ರೋಫ್ಯೂರಾನ್ ಯಾವುದನ್ನಾದರೂ ಬಟ್ಟಿ ಇಳಿಸುವ ಮೊದಲು ಆಮ್ಲ ಹಾಕಿದ ಪೊಟ್ಯಾಸಿಯಂ ಅಯೋಡೈಡ್ ದ್ರಾವಣದ ಜೊತೆ ಅಲ್ಲಾಡಿಸಿ ನೋಡಿ. ಹಳದಿ-ಕಂದು ಬಣ್ಣ ಬಂದರೆ ಪೆರಾಕ್ಸೈಡ್ ಇದೆ. ಫೆರಸ್ ಸಲ್ಫೇಟ್ ದ್ರಾವಣದಿಂದ ತೊಳೆದು ತೆಗೆಯಬಹುದು. ಇದು ತಿಳಿಯಾಗಿರುವ ಬಾಟಲಿಗೆ ಮಾತ್ರ ಹೇಳಿದ್ದು. ಹರಳು ಕಂಡ ಬಾಟಲಿಯನ್ನು ಯಾವ ಪರೀಕ್ಷೆಗೂ ಮುಟ್ಟಬೇಡಿ. ಯಾವುದೇ ಈಥರ್ ಬಾಟಲಿ ತೆರೆದ ದಿನ ಆ ತಾರೀಖನ್ನು ಲೇಬಲ್ ಮೇಲೆ ಬರೆಯುವುದನ್ನು ಇವತ್ತಿನಿಂದಲೇ ರೂಢಿ ಮಾಡಿಕೊಳ್ಳಿ.

ಥಯಾಲ್‌ಗಳು ನನಗೆ ಈ ಮೂರರಲ್ಲಿ ಅತ್ಯಂತ ಪ್ರೀತಿಯವು. 1834ರಲ್ಲಿ ಡೆನ್ಮಾರ್ಕಿನ ವಿಲಿಯಂ ಕ್ರಿಸ್ಟೋಫರ್ ಜೈಸೆ ಎಥನಥಯಾಲನ್ನು ಮೊದಲು ವರ್ಣಿಸಿದಾಗ ಅದಕ್ಕೆ ಮರ್ಕ್ಯಾಪ್ಟನ್ ಎಂದು ಹೆಸರಿಟ್ಟರು, ಲ್ಯಾಟಿನ್ನಿನಲ್ಲಿ ‘ಪಾದರಸವನ್ನು ಹಿಡಿಯುವುದು’ ಎಂಬ ಅರ್ಥದಲ್ಲಿ. ಮರ್ಕ್ಯುರಿಕ್ ಆಕ್ಸೈಡ್ ಜೊತೆ ಸೇರಿಸಿದರೆ ಥಯಾಲ್ ತನ್ನ ಹೈಡ್ರೋಜನ್ ಬಿಟ್ಟು ಪಾದರಸಕ್ಕೆ ಕಚ್ಚಿಕೊಳ್ಳುತ್ತದೆ. ಪಾದರಸಕ್ಕೂ ಗಂಧಕಕ್ಕೂ ಇರುವ ಈ ಸೆಳೆತ ನಮ್ಮ ರಸಶಾಸ್ತ್ರದವರಿಗೆ ಎಷ್ಟೋ ಮೊದಲೇ ಗೊತ್ತಿತ್ತು. ಎರಡನ್ನೂ ಖಲ್ವದಲ್ಲಿ ಅರೆದು ಕಪ್ಪು ಕಜ್ಜಲಿ ಮಾಡುತ್ತಿದ್ದರು. ಪಾದರಸ, ಆರ್ಸೆನಿಕ್ ನಮ್ಮ ದೇಹಕ್ಕೆ ವಿಷವಾಗುವುದೂ ಬಹುಮಟ್ಟಿಗೆ ಹೀಗೆಯೇ: ಪ್ರೋಟೀನುಗಳಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಥಯಾಲ್ ಗುಂಪನ್ನು ಅವು ಹಿಡಿದುಕೊಂಡು ಕಿಣ್ವಗಳನ್ನು ಕಟ್ಟಿಹಾಕುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ರುಡಾಲ್ಫ್ ಪೀಟರ್ಸ್ ಮತ್ತು ಜೊತೆಗಾರರು, ಆರ್ಸೆನಿಕ್ ಇರುವ ಲೂಯಿಸೈಟ್ ಎಂಬ ಯುದ್ಧವಿಷಕ್ಕೆ ಮದ್ದು ಹುಡುಕುವಾಗ, ಅಕ್ಕಪಕ್ಕದ ಕಾರ್ಬನ್‌ಗಳ ಮೇಲೆ ಎರಡು ಥಯಾಲ್ ಗುಂಪಿರುವ ಡೈಮರ್ಕ್ಯಾಪ್ರೋಲ್ ತಯಾರಿಸಿದರು. ಎರಡು ಕೈಯಲ್ಲೂ ಹಿಡಿದು ಆರ್ಸೆನಿಕ್ಕನ್ನು ಕಿಣ್ವದಿಂದ ಬಿಡಿಸುವ ವಸ್ತು ಅದು.

ಆಲ್ಕೊಹಾಲ್‌ಗೂ ಥಯಾಲ್‌ಗೂ ಇರುವ ಆಳವಾದ ವ್ಯತ್ಯಾಸ ನನ್ನ ಪ್ರಕಾರ ಆಕ್ಸಿಡೀಕರಣದಲ್ಲಿದೆ. ಆಲ್ಕೊಹಾಲ್‌ನಲ್ಲಿ ಬದಲಾಗುವುದು ಕಾರ್ಬನ್, ಆಕ್ಸಿಜನ್ ಸುಮ್ಮನಿರುತ್ತದೆ. ಥಯಾಲ್‌ನಲ್ಲಿ ಕಾರ್ಬನ್ ಸುಮ್ಮನಿರುತ್ತದೆ, ಗಂಧಕವೇ ಮುಂದೆ ಬರುತ್ತದೆ. ಅಯೋಡಿನ್ ಅಥವಾ ಗಾಳಿಯಂಥ ಸೌಮ್ಯ ಆಕ್ಸಿಡೀಕಾರಕ ಸಾಕು, ಎರಡು ಥಯಾಲ್‌ಗಳು ಹೈಡ್ರೋಜನ್ ಬಿಟ್ಟು ಗಂಧಕ–ಗಂಧಕ ಕೈ ಕೂಡಿಸಿ ಡೈಸಲ್ಫೈಡ್ ಆಗುತ್ತವೆ. ಅಪಕರ್ಷಕ ಸಿಕ್ಕರೆ ಮತ್ತೆ ಬಿಡುತ್ತವೆ. ಪ್ರಬಲ ಆಕ್ಸಿಡೀಕಾರಕ ಹಾಕಿದರೆ ಸಲ್ಫೋನಿಕ್ ಆಮ್ಲದವರೆಗೂ ಹೋಗುತ್ತವೆ. ಈ ಕಟ್ಟುವ-ಬಿಚ್ಚುವ ಆಟ ನಿಮ್ಮ ಜಡೆಯಲ್ಲೇ ಇದೆ. ಕೂದಲಿನ ಕೆರಾಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿದಿರುವುದು ಡೈಸಲ್ಫೈಡ್ ಸೇತುವೆಗಳು. ಬ್ಯೂಟಿ ಪಾರ್ಲರಿನಲ್ಲಿ ಗುಂಗುರು ಕೂದಲು ನೇರ ಮಾಡುವಾಗ ಮೊದಲು ಹಚ್ಚುವ ಕ್ರೀಮಿನಲ್ಲಿ ಬಹುತೇಕ ಥಯೋಗ್ಲೈಕೊಲೇಟ್ ಎಂಬ ಥಯಾಲ್ ಇರುತ್ತದೆ, ಮೂಗಿಗೆ ಬಡಿಯುವ ಆ ವಾಸನೆ ಅದರದೇ. ಅದು ಸೇತುವೆಗಳನ್ನು ಬಿಚ್ಚುತ್ತದೆ. ಕೂದಲನ್ನು ಬೇಕಾದ ಆಕಾರಕ್ಕೆ ಎಳೆದಿಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದರೆ ಹೊಸ ಜಾಗದಲ್ಲಿ ಹೊಸ ಸೇತುವೆ ಕಟ್ಟುತ್ತದೆ. ಹೊಸದಾಗಿ ಬೆಳೆಯುವ ಬುಡ ಮಾತ್ರ ಮತ್ತೆ ಗುಂಗುರಾಗಿಯೇ ಬರುತ್ತದೆ.

ಥಯಾಲ್ ಎಂದರೆ ದುರ್ವಾಸನೆ ಎಂದು ಎಲ್ಲರೂ ಬರೆಯುತ್ತಾರೆ, ಅದು ಅರ್ಧ ಸತ್ಯ. ನಿಮ್ಮದು ಹಾಸನ ಜಿಲ್ಲೆ; ಸಕಲೇಶಪುರದ ಕಡೆಯ ಕಾಫಿ ಮನೆಯಲ್ಲಿ ಇದ್ದೇ ಇರುತ್ತದೆ. ಬೀಜ ಹುರಿಯುವಾಗ ಬೀದಿಯ ತುದಿಗೂ ಹರಡುವ ಘಮದ ಮುಖ್ಯ ಭಾಗ ಫರ್‌ಫ್ಯೂರೈಲ್ ಥಯಾಲ್. ಗಾಢವಾಗಿದ್ದರೆ ಸಹಿಸಲಾಗದ ವಾಸನೆ, ಕೋಟಿಯಲ್ಲೊಂದು ಪಾಲಿಗಿಂತಲೂ ತೆಳುವಾದಾಗ ಹುರಿದ ಕಾಫಿ. ಪುಡಿಯ ಡಬ್ಬಿ ತೆರೆದಿಟ್ಟರೆ, ಡಿಕಾಕ್ಷನ್ ಹೊತ್ತು ಕಳೆದರೆ ಘಮ ಕುಂದುವುದರಲ್ಲಿ ಈ ಥಯಾಲ್ ನಶಿಸುವುದೂ ಒಂದು ಕಾರಣ.

ಉರು ಹೊಡೆಯುವ ಬದಲು ಮೂಗಿನಿಂದಲೇ ನೆನಪಿಡಬಹುದಾದ ಮೂರು ಅಣು ಹೇಳುತ್ತೇನೆ. ಡೆಟಾಲ್ ಬಾಟಲಿಯ ಲೇಬಲ್ ಓದಿ, ಟರ್ಪಿನಿಯಾಲ್ ಎಂದು ಬರೆದಿರುತ್ತದೆ. ಹತ್ತು ಕಾರ್ಬನ್ನಿನ ಟರ್ಷಿಯರಿ ಆಲ್ಕೊಹಾಲ್ ಅದು, ಆ ಆಸ್ಪತ್ರೆಯ ಕಂಪಿನ ಬಹುಪಾಲು ಅದರದು. ನೀಲಗಿರಿ ಎಣ್ಣೆಯ ಸಿನಿಯೋಲ್ ಅದೇ ಅಣುಸೂತ್ರದ್ದು, ಪರಮಾಣುಗಳ ಲೆಕ್ಕದಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲ. ಆದರೆ ಅದರಲ್ಲಿ ಆಕ್ಸಿಜನ್ ಎರಡು ಕಾರ್ಬನ್‌ಗಳ ನಡುವೆ ಸೇತುವೆಯಾಗಿ ಕೂತಿದೆ, ಅಂದರೆ ಈಥರ್. ಟರ್ಪಿನಿಯಾಲ್ 218 ಡಿಗ್ರಿ ಸುಮಾರಿಗೆ ಕುದಿಯುತ್ತದೆ, ಸಿನಿಯೋಲ್ 176ಕ್ಕೆ. ನಿಮ್ಮ ಎಥನಾಲ್–ಡೈಮೀಥೈಲ್ ಈಥರ್ ಜೋಡಿಯೇ ದೊಡ್ಡ ಮೈಯಲ್ಲಿ ಬಂದಂತೆ. ಅಣು ದೊಡ್ಡದಾದಷ್ಟೂ ಉಳಿದ ಸೆಳೆತಗಳ ಪಾಲು ಹೆಚ್ಚುವುದರಿಂದ ಅಂತರ ನೂರರಿಂದ ನಲವತ್ತಕ್ಕೆ ಇಳಿದಿದೆ, ದಿಕ್ಕು ಮಾತ್ರ ಅದೇ. ಇನ್ನು ಟರ್ಪಿನಿಯಾಲ್‌ನ ಆಕ್ಸಿಜನ್ ತೆಗೆದು ಅದೇ ಜಾಗಕ್ಕೆ ಗಂಧಕ ಕೂರಿಸಿದರೆ ಗ್ರೇಪ್‌ಫ್ರೂಟ್ ಹಣ್ಣಿನ ಪರಿಮಳದ ಥಯಾಲ್ ಸಿಗುತ್ತದೆ. ನಮ್ಮ ದೇವನಹಳ್ಳಿ ಚಕ್ಕೋತದ ಬಳಗದ ಹಣ್ಣು ಅದು. ಒಂದು ಕೋಟಿ ಟನ್ ನೀರಿಗೆ ಒಂದು ಗ್ರಾಂ ಬೆರೆಸಿದರೂ ಈ ಥಯಾಲ್ ಗೊತ್ತಾಗುತ್ತದೆ ಎಂದು ಅಳೆದಿದ್ದಾರೆ.

ಮೂಗಿನ ಈ ಚುರುಕನ್ನೇ ಅಡುಗೆ ಅನಿಲದಲ್ಲಿ ಬಳಸಿಕೊಂಡಿರುವುದು. ಎಲ್‌ಪಿಜಿಯ ಪ್ರೊಪೇನ್, ಬ್ಯುಟೇನ್‌ಗಳಿಗೆ ತಮ್ಮದೇ ಆದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ತುಂಬಿಕೊಂಡಿದ್ದು ಯಾರಿಗೂ ತಿಳಿಯದೆ ಸ್ಫೋಟವಾಯಿತು, ಸುಮಾರು ಮುನ್ನೂರು ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಆ ಬಳಿಕವೇ ಟೆಕ್ಸಾಸ್ ಅನಿಲಕ್ಕೆ ವಾಸನೆ ಸೇರಿಸುವುದನ್ನು ಕಡ್ಡಾಯ ಮಾಡಿತು. ನಮ್ಮ ಸಿಲಿಂಡರುಗಳಲ್ಲಿ ಆ ಕೆಲಸ ಮಾಡುವುದು ನೀವು ಪರೀಕ್ಷೆಗೆ ಓದುವ ಎಥನಥಯಾಲೇ. ಗ್ಯಾಸಿನವರ ಬಾಯಲ್ಲಿ ಈಥೈಲ್ ಮರ್ಕ್ಯಾಪ್ಟನ್.

ಈಗ ಅಮ್ಮನ ಪ್ರಶ್ನೆ. ಅವರು ಗಮನಿಸಿದ್ದು ನಿಜ. ಸಿಲಿಂಡರಿನೊಳಗೆ ಇರುವುದು ದ್ರವ. ಒಲೆಗೆ ಬರುವುದು ಅದರ ಮೇಲಿನ ಆವಿ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ ಕುದಿಯುವಂಥದ್ದು, ಬ್ಯುಟೇನ್ ಸೊನ್ನೆಯ ಹತ್ತಿರ, ಎಥನಥಯಾಲ್ 35ಕ್ಕೆ. ಬೇಗ ಆವಿಯಾಗುವವು ಮೊದಲು ಹೋಗುತ್ತವೆ, ಥಯಾಲ್ ಹಿಂದೆ ಉಳಿಯುತ್ತದೆ. ದ್ರವ ತಳ ಮುಟ್ಟುವ ಹೊತ್ತಿಗೆ ಉಳಿದದ್ದರಲ್ಲಿ ಥಯಾಲ್‌ನ ಪಾಲು ಏರಿರುತ್ತದೆ, ವಾಸನೆಯೂ ಏರುತ್ತದೆ. ಹಾಗೆಂದು ವಾಸನೆ ಬಂದಾಗಲೆಲ್ಲ ‘ಖಾಲಿಯಾಗುತ್ತಿದೆ, ಅಷ್ಟೇ’ ಎಂದು ಸುಮ್ಮನಿರಬೇಡಿ ಎಂದು ಅಮ್ಮನಿಗೆ ಹೇಳಿ. ಮೂಗು ಸ್ವಲ್ಪ ಹೊತ್ತಿಗೇ ಆ ವಾಸನೆಗೆ ಒಗ್ಗಿಕೊಂಡು ಏನೂ ಇಲ್ಲವೆನ್ನಿಸುತ್ತದೆ, ಅಷ್ಟರಲ್ಲಿ ಗಾಳಿಗಿಂತ ಭಾರವಾದ ಅನಿಲ ನೆಲಮಟ್ಟದಲ್ಲಿ ಹರಡಿರಬಹುದು. ಲೈಟು, ಫ್ಯಾನಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಕರೆ ಮಾಡಿ. ಅನಿಲ ಸೋರಿಕೆಗೆಂದೇ ಇರುವ ಸಂಖ್ಯೆ ಅದು.